ಚರ್ಮ ಗಟ್ಟಿ, ಎಲುಬು ಹಸಿ

ಪ್ರಶ್ನೆ: ನಾನು ಸಿಂಧನೂರು ತಾಲೂಕಿನವನು, ವಯಸ್ಸು 23. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ನನಗೆ ಸದ್ಯ ಏಳು ನಿಮಿಷ ಹಿಡಿಯುತ್ತದೆ. ಬರಿಗಾಲಲ್ಲಿ ಓಡಿದರೆ ವೇಗ ಹೆಚ್ಚುತ್ತದೆ, ಮೊಳಕಾಲು ನೋವೂ ಹೋಗುತ್ತದೆ ಎಂದು ಮೊಬೈಲಿನಲ್ಲಿ ನೋಡಿ, ಒಂದೂವರೆ ತಿಂಗಳಿಂದ ಶೂ ಬಿಟ್ಟು ಕಾಲುವೆ ದಂಡೆಯ ಗರಸಿನ ರಸ್ತೆಯಲ್ಲಿ ದಿನಾ ಐದು ಕಿ.ಮೀ. ಓಡುತ್ತಿದ್ದೇನೆ. ಮೊಳಕಾಲು ನೋವು ನಿಜವಾಗಿಯೂ ಕಡಿಮೆಯಾಗಿದೆ. ಆದರೆ ಹತ್ತು ದಿನದಿಂದ ಬಲಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ಹಿಂದೆ ನೋವು ಶುರುವಾಗಿದೆ. ಬೆಳಿಗ್ಗೆ ಎದ್ದಾಗ ಮೀನಖಂಡ ಹಿಡಿದುಕೊಂಡಿರುತ್ತದೆ. ಐದು ಬೆರಳಿನ ತೆಳು ಶೂ ತಗೊಂಡರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಗೊಳ್ಳಲೇ? ಹುಟ್ಟಿದಾಗಿನಿಂದ ಹೊಲದಲ್ಲಿ ಬರಿಗಾಲಲ್ಲೇ ಓಡಾಡಿದವನಿಗೆ ಹೀಗೇಕಾಯಿತು? ನನ್ನನ್ನು ನೋಡಿ ಅಪ್ಪನೂ (58 ವರ್ಷ, ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ) ಬೆಳಿಗ್ಗೆ ಚಪ್ಪಲಿ ಬಿಟ್ಟು ನಡೆಯಲು ಶುರು ಮಾಡಿದ್ದಾರೆ. ಅವರಿಗೆ ಇದು ಒಳ್ಳೆಯದೇ?

ಉತ್ತರ: ಯಾವ ಶೂ ಎಂಬ ಮಾತು ಆಮೇಲೆ. ಮೊದಲು ಓಟ ನಿಲ್ಲಿಸಿ, ಇವತ್ತಿನಿಂದಲೇ. ನಾಳೆ ಬೆಳಿಗ್ಗೆ ‘ಒಂದೇ ಒಂದು ರೌಂಡ್ ಹೊಡೆದು ನೋಡೋಣ’ ಎನ್ನುವುದೂ ಬೇಡ.

ನೀವು ಹೇಳಿದ ನೋವಿನ ಜಾಗ ನನಗೆ ಒಳ್ಳೆಯದಾಗಿ ಕಾಣುತ್ತಿಲ್ಲ. ಪಾದದ ಮೇಲ್ಭಾಗ, ಎರಡನೇ ಬೆರಳಿನ ಹಿಂದೆ, ಅದೂ ಓಟದ ರೀತಿ ಏಕಾಏಕಿ ಬದಲಾದ ಒಂದು ತಿಂಗಳ ನಂತರ. ಪಾದದ ಉದ್ದೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಾಗ, ಇಲ್ಲವೇ ಬಿಡುವ ಹಾದಿಯಲ್ಲಿದ್ದಾಗ ಹೀಗೇ ನೋಯುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರ್ ಎಂದು ವೈದ್ಯರು ಕರೆಯುವುದು ಇದನ್ನೇ. ಮಾರ್ಚ್ ಫ್ರ್ಯಾಕ್ಚರ್ ಎಂಬ ಹಳೆಯ ಹೆಸರೂ ಇದಕ್ಕಿದೆ. 1855ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ, ದೂರದೂರ ನಡೆದು ಬಂದ ಸಿಪಾಯಿಗಳ ಪಾದ ಊದಿ ನೋಯುವುದನ್ನು ಬರೆದಿಟ್ಟ. ಆಗ ಎಕ್ಸ್‌ರೇ ಇರಲಿಲ್ಲ. ಒಳಗೆ ಎಲುಬು ಬಿರುಕು ಬಿಟ್ಟಿರುತ್ತದೆ ಎಂದು ಗೊತ್ತಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು. ಖಾಕಿ ಮೈಮೇಲೆ ಬರುವ ಮುಂಚೆಯೇ ನಿಮಗೆ ಸಿಪಾಯಿಗಳ ಕಾಯಿಲೆ ಬಂದಂತಿದೆ.

ಪತ್ರ ಓದಿ ರೋಗ ನಿರ್ಧರಿಸಲು ನನ್ನಿಂದ ಆಗದು. ನೀವೇ ಒಂದು ಕೆಲಸ ಮಾಡಿ. ಮಂಚದ ಮೇಲೆ ಕೂತು, ಒಂದೇ ಬೆರಳಿನ ತುದಿಯಿಂದ ಎರಡನೇ ಕಾಲ್ಬೆರಳಿನ ಹಿಂದಿನ ಎಲುಬಿನ ಮೇಲೆ ಇಂಚಿಂಚಾಗಿ ಒತ್ತುತ್ತಾ ಹರಡಿನ ಕಡೆ ಬನ್ನಿ. ಎಲ್ಲೋ ಒಂದು ಕಡೆ ‘ಅಲ್ಲೇ!’ ಎಂದು ಚೀರುವಂಥ ಬಿಂದು ಸಿಕ್ಕರೆ ಎಲುಬಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ನೋವು ಅಗಲಕ್ಕೆ ಹರಡಿದ್ದರೆ ಸ್ನಾಯುವೋ ನರವೋ ಇರಬಹುದು. ಒಂಟಿಕಾಲಲ್ಲಿ ಜಿಗಿದು ಪರೀಕ್ಷಿಸುವ ವಿಧಾನವನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ನೀವು ಜಿಗಿಯಬೇಡಿ. ಅರ್ಧ ಬಿಟ್ಟ ಬಿರುಕನ್ನು ಪೂರ್ತಿ ಮಾಡಲು ಅಷ್ಟೇ ಸಾಕು.

ಬಿಂದು ಸಿಗಲಿ, ಸಿಗದಿರಲಿ, ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಿ. ಒಂದು ಮಾತು ನೆನಪಿಡಿ: ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು. ಎಕ್ಸ್‌ರೇ ‘ನಾರ್ಮಲ್’ ಬಂತು ಅಂತ ಮಾರನೇ ದಿನವೇ ಗ್ರೌಂಡಿಗೆ ಇಳಿದು, ಹದಿನೈದು ದಿನದಲ್ಲಿ ಕುಂಟುತ್ತಾ ವಾಪಸು ಬಂದ ಹುಡುಗರನ್ನು ನಾನು ನೋಡಿದ್ದೇನೆ. ನೋವು ಉಳಿದಿದ್ದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ, ಇಲ್ಲವೇ ಎಂಆರ್‌ಐ. ಬಿರುಕು ಖಚಿತವಾದರೆ ಆರರಿಂದ ಎಂಟು ವಾರ ಓಟವಿಲ್ಲ. ನೋವಿನ ಮಾತ್ರೆ ನುಂಗಿ ಓಡುವ ಉಪಾಯವನ್ನು ಗೆಳೆಯರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ: ‘ಹೊಲದಲ್ಲಿ ಬರಿಗಾಲಲ್ಲೇ ಓಡಾಡಿದವನಿಗೆ ಹೀಗೇಕಾಯಿತು?’

ಹೊಲದಲ್ಲಿ ಓಡಾಡಿದ್ದರಿಂದಲೇ ಆಯಿತು ಎನ್ನುವುದು ನನ್ನ ಉತ್ತರ. ಬೆಂಗಳೂರಿನ ಹುಡುಗನೊಬ್ಬ ಮೊದಲ ಸಲ ಶೂ ಬಿಟ್ಟು ನಿಮ್ಮ ಗರಸಿನ ರಸ್ತೆಗೆ ಇಳಿದಿದ್ದರೆ ಅರ್ಧ ಕಿಲೋಮೀಟರಿಗೇ ‘ಅಯ್ಯಪ್ಪಾ’ ಎಂದು ಕೂತುಬಿಡುತ್ತಿದ್ದ. ಅವನ ಅಂಗಾಲೇ ಅವನಿಗೆ ಬ್ರೇಕು. ಚರ್ಮ ಪಳಗಲು ಅವನಿಗೆ ವಾರಗಟ್ಟಲೆ ಬೇಕು, ಆ ವಾರಗಳಲ್ಲಿ ಒಳಗಿನ ಎಲುಬು, ಸ್ನಾಯುಗಳೂ ಮೆಲ್ಲಗೆ ಪಳಗುತ್ತವೆ. ನಿಮ್ಮ ಅಂಗಾಲು ಇಪ್ಪತ್ತು ವರ್ಷದಿಂದ ಹೊಲದ ಬದುವಿನಲ್ಲಿ ಗಟ್ಟಿಯಾದದ್ದು. ಹಾಗಾಗಿ ಮೊದಲ ದಿನವೇ ಐದು ಕಿಲೋಮೀಟರ್ ಓಡಿದರೂ ಚರ್ಮ ತಕರಾರು ಮಾಡಲಿಲ್ಲ. ಚರ್ಮ ಸುಮ್ಮನಿದ್ದದ್ದನ್ನು ಇಡೀ ಕಾಲು ಒಪ್ಪಿಕೊಂಡಿದೆ ಎಂದು ನೀವು ತಿಳಿದಿರಿ.

ನೀವು ಇಷ್ಟು ವರ್ಷ ಬರಿಗಾಲಲ್ಲಿ ಮಾಡಿದ್ದು ನಡಿಗೆ. ನಡೆಯುವಾಗ ಒಂದಿಲ್ಲೊಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ ಬರುತ್ತದೆ, ಆಮೇಲೆ ಮೈಭಾರದ ಎರಡರಿಂದ ಮೂರು ಪಟ್ಟು ಬಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಐದು ಕಿಲೋಮೀಟರಿಗೆ ಸುಮಾರು ನಾಲ್ಕು ಸಾವಿರ ಹೆಜ್ಜೆ, ಅಂದರೆ ನಿಮ್ಮ ಬಲಗಾಲಿಗೆ ದಿನಕ್ಕೆ ಎರಡು ಸಾವಿರ ಪೆಟ್ಟು. ಎರೆ ಹೊಲ ಕಾಲಿಟ್ಟಲ್ಲಿ ತಗ್ಗುತ್ತದೆ. ಕಾಲುವೆ ದಂಡೆಯ ಗರಸು ರೋಲರ್ ಹೊಡೆಸಿದ್ದು, ಅದು ತಗ್ಗುವುದಿಲ್ಲ.

ಎಲುಬು ಪಳಗುವ ರೀತಿ ನಿಮ್ಮ ಕಾಲುವೆಯ ದುರಸ್ತಿ ಇದ್ದ ಹಾಗೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಮೊದಲು ಹಳೆಯ ಲೈನಿಂಗ್ ಒಡೆದು ತೆಗೆಯುತ್ತಾರೆ, ಆಮೇಲೆ ಹೊಸದಾಗಿ ಕಾಂಕ್ರೀಟ್ ಹಾಕುತ್ತಾರೆ. ಒಡೆದದ್ದಕ್ಕೂ ಕಟ್ಟುವುದಕ್ಕೂ ನಡುವೆ ಕಾಲುವೆ ಮೊದಲಿಗಿಂತ ದುರ್ಬಲ. ಆ ಹೊತ್ತಿನಲ್ಲಿ ಪೂರ್ತಿ ನೀರು ಬಿಟ್ಟರೆ ಏನಾಗುತ್ತದೆ ಎಂದು ಕೊನೆಯಂಚಿನ ರೈತರಿಗೆ ಹೇಳಿಕೊಡಬೇಕಿಲ್ಲ. ಹೊಸ ಬಗೆಯ ಭಾರ ಬಿದ್ದಾಗ ಎಲುಬೂ ಮೊದಲು ತನ್ನ ಹಳೆಯ ಪದರವನ್ನು ಕರಗಿಸಿ, ನಂತರ ಹೊಸ ಪದರ ಕಟ್ಟುತ್ತದೆ. ಈ ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಿಯುತ್ತವೆ, ದಮ್ಮು ಅದಕ್ಕಿಂತ ಬೇಗ ಬರುತ್ತದೆ. ಆದ್ದರಿಂದ ನಾಲ್ಕನೇ ವಾರದ ಹೊತ್ತಿಗೆ ಓಡುವವನಿಗೆ ‘ಈಗ ಸೆಟ್ ಆಯ್ತು’ ಎನಿಸುತ್ತದೆ. ಎಲುಬು ಎಲ್ಲಕ್ಕಿಂತ ಹಸಿಯಾಗಿರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಇದು ಬರೀ ಊಹೆಯಲ್ಲ. 2013ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಅನುಭವವಿದ್ದ 36 ಓಟಗಾರರನ್ನು ತೆಗೆದುಕೊಂಡು, 19 ಮಂದಿಗೆ ನಿಮ್ಮ ಗೆಳೆಯರು ಹೇಳುವಂಥದೇ ಐದು ಬೆರಳಿನ ತೆಳು ಶೂ ಕೊಟ್ಟರು. ಉಳಿದ 17 ಮಂದಿ ತಮ್ಮ ಮಾಮೂಲಿ ಶೂನಲ್ಲೇ ಓಡಿದರು. ಹೊಸ ಶೂಗೆ ಮೆಲ್ಲಗೆ ಹೊಂದಿಕೊಳ್ಳಿ ಎಂದು ಹೇಳಿಯೇ ಕಳಿಸಿದ್ದರು. ಹತ್ತು ವಾರದ ನಂತರ ಎಂಆರ್‌ಐ ಮಾಡಿದಾಗ ತೆಳು ಶೂನವರಲ್ಲಿ 10 ಮಂದಿಯ ಪಾದದ ಎಲುಬಿನೊಳಗೆ ಊತ ಹೆಚ್ಚಿತ್ತು. ಮಾಮೂಲಿ ಶೂನವರಲ್ಲಿ ಹಾಗಾದದ್ದು ಒಬ್ಬರಿಗೆ. ಹತ್ತು ವಾರ, ಅದೂ ಮೆಲ್ಲಗೆ ಬದಲಾದವರ ಕಥೆ ಇದು. ನೀವು ಬದಲಾದದ್ದು ಒಂದೇ ದಿನದಲ್ಲಿ.

ಹಾಗಾದರೆ ಮೊಳಕಾಲು ನೋವು ಹೋದದ್ದು ಸುಳ್ಳೇ? ಅಲ್ಲ, ಅದೂ ನಿಜ. ಶೂ ಬಿಟ್ಟವನು ತನಗೆ ಗೊತ್ತಿಲ್ಲದೆಯೇ ಹೆಜ್ಜೆ ಗಿಡ್ಡ ಮಾಡುತ್ತಾನೆ, ಹಿಮ್ಮಡಿ ಕುಟ್ಟುವುದನ್ನು ಬಿಟ್ಟು ಪಾದದ ಮುಂಭಾಗ ಊರಲು ಶುರು ಮಾಡುತ್ತಾನೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಬರಿಗಾಲಲ್ಲಿ ಬೆಳೆದ ಕೆನ್ಯಾದ ಓಟಗಾರರು ಹೆಚ್ಚಾಗಿ ಮುಂಗಾಲು ಊರುತ್ತಿದ್ದರು. ಹಿಮ್ಮಡಿ ನೆಲಕ್ಕೆ ಬಡಿದಾಗ ಥಟ್ಟನೆ ಏಳುವ ಪೆಟ್ಟು ಅವರ ಓಟದಲ್ಲಿ ಕಾಣುತ್ತಿರಲಿಲ್ಲ. ಇದರಿಂದ ಮೊಳಕಾಲಿನ ಹೊರೆ ಇಳಿಯುತ್ತದೆ. ಆದರೆ ಹೊರೆ ಎಲ್ಲಿಗೂ ಮಾಯವಾಗುವುದಿಲ್ಲ. ಮೊಳಕಾಲು ಕೆಳಗಿಳಿಸಿದ್ದನ್ನು ಮೀನಖಂಡ, ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಮತ್ತು ಪಾದದ ಉದ್ದೆಲುಬುಗಳು ಹೊತ್ತುಕೊಳ್ಳುತ್ತವೆ. ಬೆಳಿಗ್ಗೆ ನಿಮ್ಮ ಮೀನಖಂಡ ಹಿಡಿದುಕೊಳ್ಳುವುದು ಇದಕ್ಕೇ.

ಇದೇ ಸಂಶೋಧನೆಯಿಂದ ಒಂದು ತಪ್ಪು ಪಾಠವೂ ಹುಟ್ಟಿತು. ಬರಿಗಾಲೆಂದರೆ ಹಿಮ್ಮಡಿ ತಾಕಿಸಲೇಬಾರದು ಎಂದುಕೊಂಡು ಬೆಕ್ಕಿನ ಹಾಗೆ ತುದಿಗಾಲಲ್ಲಿ ಓಡುವವರನ್ನು ಗ್ರೌಂಡಿನಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ನೀವೂ ಹಾಗೇ ಓಡುತ್ತಿದ್ದೀರಿ ಎಂಬುದು ನನ್ನ ಗುಮಾನಿ. ಮುಂಗಾಲು ಊರಿದ ಮೇಲೆ ಹಿಮ್ಮಡಿ ಮೆಲ್ಲಗೆ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಮೀನಖಂಡಕ್ಕೆ ಒಂದು ಕ್ಷಣವೂ ಬಿಡುವಿಲ್ಲ. ಅಷ್ಟಕ್ಕೂ ಬರಿಗಾಲಿಗರೆಲ್ಲ ಮುಂಗಾಲಲ್ಲೇ ಓಡುತ್ತಾರೆ ಎನ್ನುವಂತೆಯೂ ಇಲ್ಲ. ಉತ್ತರ ಕೆನ್ಯಾದ ದಾಸನಾಚ್ ಜನ ಹುಟ್ಟಾ ಬರಿಗಾಲಿನವರು. ಅವರನ್ನು ಓಡಿಸಿ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಾಮದ ವೇಗದಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರಿದ್ದರು.

ವೇಗದ ವಿಷಯಕ್ಕೆ ಬರೋಣ. ಬರಿಗಾಲ ಮಾತು ಬಂದರೆ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಲೇಬೇಕು. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದವರು. ನಿಮ್ಮ ಮೊಬೈಲಿನ ವಿಡಿಯೋದಲ್ಲೂ ಅವರು ಇದ್ದೇ ಇರುತ್ತಾರೆ. ವಿಡಿಯೋದವರು ಹೇಳದೆ ಬಿಡುವುದು ಮುಂದಿನ ಕಥೆ: 1964ರಲ್ಲಿ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಓಡಿ, ಮೂರು ನಿಮಿಷ ಬೇಗ, 2 ಗಂಟೆ 12 ನಿಮಿಷ 11 ಸೆಕೆಂಡಿಗೆ ಮತ್ತೆ ಚಿನ್ನ ಗೆದ್ದರು. ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ತಿಂಗಳೂ ಕಳೆಯುವ ಮುನ್ನ. ಶೂನಿಂದ ವೇಗ ಬಂತು ಎಂದು ನಾನು ಹೇಳುತ್ತಿಲ್ಲ, ಬರಿಗಾಲಿನಿಂದಲೂ ಬಂದದ್ದಲ್ಲ. ಈಗಂತೂ ದೊಡ್ಡ ಓಟಗಾರರ ಶೂ ಎಷ್ಟು ದಪ್ಪವಾಗಿವೆಯೆಂದರೆ, ರಸ್ತೆ ಓಟದಲ್ಲಿ ಸೋಲ್ 40 ಮಿ.ಮೀ. ಮೀರಬಾರದು ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮವನ್ನೇ ಮಾಡಬೇಕಾಯಿತು.

ಬರಿಗಾಲಿನ ಪರವಾಗಿರುವ ನಿಜವಾದ ಲೆಕ್ಕ ಒಂದಿದೆ. ಒಂದೊಂದು ಶೂನ ತೂಕ 100 ಗ್ರಾಂ ಹೆಚ್ಚಿದರೆ ಓಡಲು ಬೇಕಾದ ಆಮ್ಲಜನಕ ಸುಮಾರು ಶೇ. 1 ಹೆಚ್ಚುತ್ತದೆ. ಆದರೆ ಹಗುರವಾದ, ಸ್ವಲ್ಪ ಮೆತ್ತೆಯಿರುವ ಶೂ ಹಾಕಿದರೆ ಬರಿಗಾಲಿನ ಈ ಲಾಭ ಉಳಿಯುವುದಿಲ್ಲ. ಪೆಟ್ಟು ತಡೆಯಲು ಸ್ನಾಯುಗಳು ಪಡುವ ಶ್ರಮವನ್ನು ಮೆತ್ತೆ ಉಳಿಸಿಕೊಡುತ್ತದೆ. ನಿಮ್ಮ ಹಳೆಯ ಶೂ ದಪ್ಪ, ಭಾರದ್ದಾಗಿದ್ದರೆ ಬದಲಿಸಿ, ಅಷ್ಟು ಸಾಕು. ಆರೂವರೆ ನಿಮಿಷ ಅಂದರೆ 400 ಮೀಟರಿನ ಒಂದು ಸುತ್ತಿಗೆ 97 ಸೆಕೆಂಡು ಚಿಲ್ಲರೆ. ನಿಮಗೆ ಈಗ 105 ಆಗುತ್ತಿದೆ. ಆ ಏಳೆಂಟು ಸೆಕೆಂಡು ದಿನಾ ಒಂದೇ ವೇಗದಲ್ಲಿ ಐದು ಕಿಲೋಮೀಟರ್ ಓಡುವುದರಿಂದ ಬರುವುದಿಲ್ಲ. ವಾರಕ್ಕೆ ಎರಡು ದಿನ ಗುರಿಯ ವೇಗದಲ್ಲೇ 200 ಅಥವಾ 400 ಮೀಟರ್ ಓಡಿ, ದಮ್ಮು ತಿರುಗಿಸಿಕೊಂಡು ಮತ್ತೆ ಓಡುವುದರಿಂದ ಬರುತ್ತದೆ. ಊರ ಹೈಸ್ಕೂಲ್ ಗ್ರೌಂಡಿನ ಸುತ್ತು ಬಹುಪಾಲು 400 ಇರುವುದಿಲ್ಲ. ಒಮ್ಮೆ ಟೇಪ್ ಹಿಡಿದು ಅಳೆದುಬಿಡಿ. 360 ಮೀಟರಿನ ಸುತ್ತನ್ನು 400 ಎಂದು ನಂಬಿ ಪರೀಕ್ಷೆಯ ದಿನ ಕಂಗಾಲಾದವರು ಬಹಳ ಜನ.

ಈಗ ಆ ಐದು ಬೆರಳಿನ ಶೂ. ಬೇಡ. ಬಿರುಕು ವಾಸಿಯಾಗುವ ತನಕ ಖಂಡಿತ ಬೇಡ. ತೆಳು ಶೂ ಎಂಬುದು ಚರ್ಮಕ್ಕೆ ಗುರಾಣಿ, ಎಲುಬಿಗಲ್ಲ. ನಿಮ್ಮ ಚರ್ಮಕ್ಕೆ ಗುರಾಣಿ ಬೇಕಾಗಿಯೇ ಇಲ್ಲ. ನಿಮ್ಮ ಕಾಯಿಲೆಗೆ ಕಾರಣವಾದದ್ದನ್ನೇ ಔಷಧವೆಂದು ದುಡ್ಡು ಕೊಟ್ಟು ತಂದಂತಾಗುತ್ತದೆ. ಈ ಬಗೆಯ ಶೂ ಪ್ರಸಿದ್ಧಿಗೆ ತಂದ ವಿಬ್ರಮ್ ಕಂಪನಿ, ಪಾದ ಗಟ್ಟಿಯಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂಬ ತನ್ನ ಜಾಹೀರಾತಿನ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಹೂಡಿದ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ರಾಜಿ ಅಷ್ಟೇ.

ನಾನೂ ಆ ಶೂ ಕೊಂಡವನೇ. ಹತ್ತು ಹನ್ನೆರಡು ವರ್ಷದ ಹಿಂದೆ, ಎಲ್ಲ ಓದಿಕೊಂಡವನೆಂಬ ಜಂಬದಲ್ಲಿ, ಮೊದಲ ದಿನವೇ ಬಳ್ಳಾರಿಯಿಂದ ಮೋಕಾ ರಸ್ತೆಯಲ್ಲಿ ಆರು ಕಿಲೋಮೀಟರ್ ಓಡಿ ಬಂದೆ. ಏನೂ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಪಾಯಿಖಾನೆಯಲ್ಲಿ ಕೂತವನು ಏಳಲಾಗದೆ ನಲ್ಲಿ ಹಿಡಿದುಕೊಂಡು ಎದ್ದೆ. ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಚಿಕಿತ್ಸೆಗೆ ಬಂದ ಅಜ್ಜಿಯೊಬ್ಬರು ‘ನಿಮ್ಗೇ ಯಾರರ ತೋರಿಸ್ಬೇಕಲ್ಲಪ್ಪ’ ಎಂದು ನಕ್ಕರು. ಮೀನಖಂಡ ಮಾತ್ರ ಹೋದದ್ದು ನನ್ನ ಪುಣ್ಯ, ಎಲುಬಿನವರೆಗೆ ಬರಲಿಲ್ಲ.

ಅಷ್ಟಾದರೂ ತೆಳು ಪಾದರಕ್ಷೆಯ ಬಗ್ಗೆ ನನಗೆ ದ್ವೇಷವಿಲ್ಲ. ಅದಕ್ಕೆ ಏಳೆಂಟು ಸಾವಿರ ಕೊಡುವುದರ ಬಗ್ಗೆ ಇದೆ. ಅಂಥ ಶೂನ ಗುಣ ಏನು? ಸೋಲ್ ತೆಳ್ಳಗಿರಬೇಕು, ಹಿಮ್ಮಡಿಯೂ ಮುಂಗಾಲೂ ಒಂದೇ ಮಟ್ಟದಲ್ಲಿರಬೇಕು, ಬೆರಳು ಅಗಲಿಸಲು ಜಾಗವಿರಬೇಕು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ತಿರುಚಬೇಕು. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ ಸುಮಾರು 10 ಮಿ.ಮೀ. ಎತ್ತರ. ಶಾಲೆಯ ಡ್ರಿಲ್ ಪೀರಿಯಡ್ಡಿನ ಬಿಳಿ ಕ್ಯಾನ್ವಾಸ್ ಶೂ ನೆನಪಿಸಿಕೊಳ್ಳಿ. ಬೆರಳ ಕಡೆ ಬಿಗಿಯಾಗುವುದನ್ನು ಬಿಟ್ಟರೆ ಅದು ಈ ಲೆಕ್ಕದಲ್ಲಿ ಪಾಸು, ಒಂದು ಸೈಜ್ ದೊಡ್ಡದು ತಗೊಂಡರೆ ಆ ತೊಂದರೆಯೂ ಕಡಿಮೆ. ಮೆಕ್ಸಿಕೊದ ಬೆಟ್ಟಗಾಡಿನ ರರಾಮುರಿ ಜನ ದಿನಗಟ್ಟಲೆ ಓಡುವುದಕ್ಕೆ ಹೆಸರಾದವರು. ಅವರ ಕಾಲಲ್ಲಿರುವುದು ಹಳೆಯ ಟೈರ್ ಕತ್ತರಿಸಿ ಚರ್ಮದ ದಾರ ಕಟ್ಟಿದ ಚಪ್ಪಲಿ. ನಮ್ಮ ಸಂತೆಗಳಲ್ಲಿ ಸಿಗುತ್ತಿದ್ದ ಟೈರಿನ ಚಪ್ಪಲಿಯ ದಾಯಾದಿ ಅದು. ಹಾಗೆಂದು ಹವಾಯಿ ಚಪ್ಪಲಿಯಲ್ಲಿ ಓಡಬೇಡಿ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಜಾರದಂತೆ ಹಿಡಿಯಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡುತ್ತವೆ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಬರಿಗಾಲಿನ ಪಕ್ಷ. ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಜಗತ್ತಿನೆಲ್ಲೆಡೆ ಉಲ್ಲೇಖಗೊಳ್ಳುತ್ತದೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಹಾಕದವರಲ್ಲಿ ಶೇ. 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಇದು ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಮೂರು ವರ್ಷದ ಮಗುವಿಗೆ ಮನೆಯೊಳಗೂ ಲೈಟ್ ಹೊಳೆಯುವ ಶೂ ಹಾಕಿ ಕೂರಿಸುವ ಅಜ್ಜ ಅಜ್ಜಿಯರಿಗೆ ಇದನ್ನು ಓದಿ ಹೇಳಿ. ನಿಮ್ಮ ಪಾದದ ಕಮಾನು ಚೆನ್ನಾಗಿಯೇ ಇರುತ್ತದೆ, ಆ ಋಣ ನಿಮ್ಮ ಹೊಲದ್ದು. ಆದರೆ ಓಟದ ಎಲುಬು ಬೇರೆಯದೇ ಕೆಲಸ.

ನಮ್ಮ ಕಡೆ ಬರಿಗಾಲೆಂದರೆ ಬರೀ ಕಸರತ್ತಲ್ಲ, ಹರಕೆಯೂ ಹೌದು. ಹನುಮಮಾಲೆ ಹಾಕಿದವರು ಆನೆಗೊಂದಿಯ ಅಂಜನಾದ್ರಿ ಹತ್ತುವುದು ಬರಿಗಾಲಲ್ಲಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳು ನಿಮ್ಮ ಜಿಲ್ಲೆಯನ್ನು ದಾಟಿಯೇ ಹೋಗುತ್ತಾರೆ. ದಾರಿಯ ಸೇವಾ ಶಿಬಿರಗಳಲ್ಲಿ ಅವರ ಕಾಲು ತೊಳೆದು ಮುಲಾಮು ಹಚ್ಚುವ ಕೆಲಸಕ್ಕೆ ನಾನೂ ಕೂತಿದ್ದೇನೆ. ಅಲ್ಲಿ ಕಲಿತದ್ದು ಕಾಲೇಜಿನಲ್ಲಿ ಕಲಿತಿರಲಿಲ್ಲ. ಯಾತ್ರೆಗೆಂದೇ ಹೊಸ ಶೂ ಕೊಂಡವರ ಪಾದ ಎರಡನೇ ದಿನಕ್ಕೇ ಗುಳ್ಳೆ ಎದ್ದಿರುತ್ತದೆ. ಬರಿಗಾಲಿನವರಿಗೆ ಗುಳ್ಳೆ ಕಡಿಮೆ, ಆದರೆ ಹಿಮ್ಮಡಿ ಒಡಕಿನಲ್ಲಿ ರಕ್ತ, ಮಧ್ಯಾಹ್ನ ನಡೆದವರಿಗೆ ಅಂಗಾಲಿಡೀ ಸುಟ್ಟ ಕೆಂಪು. ಬೇಸಿಗೆಯಲ್ಲಿ ನಮ್ಮ ಡಾಂಬರು 60 ಡಿಗ್ರಿ ಮುಟ್ಟುವುದುಂಟು, ಎಷ್ಟೇ ಪಳಗಿದ ಚರ್ಮವೂ ಅದಕ್ಕೆ ಸೋಲುತ್ತದೆ. ಬೇನೆ ಇಲ್ಲದೆ ನಡೆದವರು ಯಾರು ಗೊತ್ತೇ? ಹಳೆಯ, ಪಳಗಿದ ಚಪ್ಪಲಿ ಹಾಕಿಕೊಂಡು ಬೆಳಗಿನ ಜಾವ ಮತ್ತು ಸಂಜೆ ಮಾತ್ರ ನಡೆದ ಮುದುಕರು. ನಿಮ್ಮ ದೈಹಿಕ ಪರೀಕ್ಷೆ ಬೆಳಿಗ್ಗೆ ಶುರುವಾದರೂ ನಿಮ್ಮ ಸರದಿ ಬಿಸಿಲೇರಿದ ಮೇಲೆ ಬರಬಹುದು. ಬರಿಗಾಲನ್ನೇ ನಂಬಿ ಹೋಗದಿರಲು ಇದೊಂದೇ ಕಾರಣ ಸಾಕು.

ಇನ್ನೊಂದು ನಮ್ಮೂರ ಹೆಸರೇ ಹೊತ್ತ ಶತ್ರು, ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮ ಊರಿನ ಹೆಸರು ಅಂಟಿಕೊಂಡದ್ದು ನಮ್ಮ ಹಣೆಬರಹ. ಕಾಲುವೆ ದಂಡೆ ತುಂಬ ಅದೇ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನೂ ತೂರಿ ಬರುತ್ತದೆ, ತುದಿ ಒಳಗೇ ಮುರಿಯುತ್ತದೆ, ಕೀಲಿನ ಹತ್ತಿರ ಉಳಿದರೆ ತಿಂಗಳುಗಟ್ಟಲೆ ಊತ ಇಳಿಯುವುದಿಲ್ಲ. ಪಿನ್ನಿನಿಂದ ಕೆದಕಿ ಎಕ್ಕದ ಹಾಲು ಹಾಕುವುದು ಬಿಟ್ಟು ಡಾಕ್ಟರ ಹತ್ತಿರ ತೆಗೆಸಿ. ಧನುರ್ವಾಯು ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ ಆಗಿರಬೇಕು, ಗಾಯ ಕೊಳಕಾಗಿದ್ದು ಐದು ವರ್ಷ ಕಳೆದಿದ್ದರೆ ಇನ್ನೊಂದು ಬೇಕು.

ವಾಸಿಯಾದ ಮೇಲೆ ಏನು ಮಾಡಬೇಕು ಎಂದರೆ, ಡಾಕ್ಟರು ಒಪ್ಪಿ, ನೋವಿಲ್ಲದೆ ಒಂದು ವಾರ ಚುರುಕಾಗಿ ನಡೆದ ಮೇಲೆ, ಮೊದಲು ಮಾಮೂಲಿ ಶೂನಲ್ಲೇ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರು ಮಾಡಿ. ಅಲ್ಲಿಯ ತನಕ ಸೈಕಲ್ ತುಳಿದು ದಮ್ಮು ಕಾಪಾಡಿಕೊಳ್ಳಿ. ಈಜು ಒಳ್ಳೆಯದೇ, ಆದರೆ ಎಡದಂಡೆ ಕಾಲುವೆಗೆ ಇಳಿಯಬೇಡಿ, ಸೆಳವು ನಿಮಗೇ ಗೊತ್ತು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ನೋವು ಪೂರ್ತಿ ಹೋದ ಮೇಲೆ ಮಾಡಿ, ಒಂದೊಂದೇ ಕಾಲಲ್ಲಿ ಇಪ್ಪತ್ತೈದು ಸಲ ಸಲೀಸಾಗಿ ಆಗುವ ತನಕ. ನೆಲದ ಮೇಲೆ ಟವೆಲ್ ಹಾಸಿ ಕಾಲ್ಬೆರಳಿನಿಂದ ಎಳೆದುಕೊಳ್ಳುವುದನ್ನು ಕೂತಲ್ಲೇ ಮಾಡಬಹುದು.

ಬರಿಗಾಲ ಓಟ ರೊಟ್ಟಿಯ ಜೊತೆಗಿನ ಗುರೆಳ್ಳು ಚಟ್ನಿಯಂತೆ, ಅದೇ ಊಟವಲ್ಲ. ಶೂನಲ್ಲಿ ಓಡಿ ಮುಗಿಸಿದ ಮೇಲೆ ಮಣ್ಣಿನ ಗ್ರೌಂಡಿನಲ್ಲಿ 200 ಮೀಟರ್, ದಿನ ಬಿಟ್ಟು ದಿನ. ಎರಡು ವಾರ ಅಷ್ಟೇ. ಆಮೇಲೆ 400. ಆರು ತಿಂಗಳಲ್ಲಿ ಎರಡು ಕಿಲೋಮೀಟರ್ ಮುಟ್ಟಿದರೆ ಬೇಕಾದಷ್ಟಾಯಿತು. ಓಡುವಾಗ ನಿಮ್ಮ ಹೆಜ್ಜೆಯ ಸದ್ದು ಕೇಳಿಸಿಕೊಳ್ಳಿ. ಪಟಪಟ ಬಡಿದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ, ಗಿಡ್ಡ ಮಾಡಿ. ಅಭ್ಯಾಸಕ್ಕೆ ಹೆಜ್ಜೆ ಕಲಿಸಲು ಬರಿಗಾಲಿನಂಥ ಮೇಷ್ಟ್ರು ಇಲ್ಲ, ಅದಕ್ಕೇ ನಾನು ಪೂರ್ತಿ ಬಿಡಿ ಎನ್ನುತ್ತಿಲ್ಲ. ನಿಮ್ಮ ಗಟ್ಟಿ ಅಂಗಾಲು ಮಂದವೇನೂ ಅಲ್ಲ. ಆಣಿಗಟ್ಟಿದ ಪಾದಕ್ಕೂ ಮೆತ್ತನೆಯ ಪಾದದಷ್ಟೇ ನೆಲದ ಸ್ಪರ್ಶ ತಿಳಿಯುತ್ತದೆ ಎಂದು ಕೆನ್ಯಾದಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ದಾರೆ.

ನಿಮ್ಮ ತಂದೆಯವರದು ಇದಕ್ಕೆ ತದ್ವಿರುದ್ಧ. ಅವರಿಗೆ ಬರಿಗಾಲು ಬೇಡವೇ ಬೇಡ. ಹೊಲದಲ್ಲೂ ಬೇಡ, ಹುಲ್ಲಿನ ಮೇಲೂ ಬೇಡ, ಅಂಗಳದಲ್ಲೂ ಬೇಡ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸದ್ದಿಲ್ಲದೆ ತಿನ್ನುತ್ತಿರಬಹುದು. ನೋವಿಲ್ಲದ್ದರಿಂದ ಪಾದ ಚೆನ್ನಾಗಿದೆ ಎಂದೇ ಅವರು ತಿಳಿದಿರುತ್ತಾರೆ. ಮೊಳೆ ಚುಚ್ಚಿಕೊಂಡೇ ಅರ್ಧ ದಿನ ಓಡಾಡಿದ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಕಸ ಗುಡಿಸುತ್ತಿದ್ದ ಹೆಂಡತಿ ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಕೂಗಿದಾಗಲೇ ಅವರಿಗೆ ಗೊತ್ತಾದದ್ದು. ‘ಏನೂ ಗೊತ್ತಾಗ್ಲಿಲ್ರೀ, ಕಾಲಾಗ ಏನೋ ಅಂಟಿದಂಗ ಇತ್ತು’ ಎಂದರು. ಬೆರಳು ಉಳಿಯಲಿಲ್ಲ.

ಇವತ್ತು ರಾತ್ರಿ ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ನಿಮ್ಮ ತೋರುಬೆರಳಿನಿಂದ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಮುಟ್ಟಿ. ಒಟ್ಟು ಆರು ಸಲ. ಒತ್ತಬೇಡಿ, ಕೆರೆಯಬೇಡಿ, ಎರಡು ಸೆಕೆಂಡು ಹೂವು ಮುಟ್ಟಿದಂತೆ ಮುಟ್ಟಿ. ಮುಟ್ಟಿದ್ದು ತಿಳಿದಾಗ ‘ಬಲ’ ಅಥವಾ ‘ಎಡ’ ಎನ್ನಲಿ. ಆರರಲ್ಲಿ ಎರಡು ತಪ್ಪಿದರೂ ನರಕ್ಕೆ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು, ತಡಮಾಡದೆ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಪಾದ ತೋರಿಸಿ. ಆರೂ ಸರಿಯಾದರೆ ಸಂತೋಷ, ಆದರೂ ಚಪ್ಪಲಿ ಬಿಡುವಂತಿಲ್ಲ. ಎಂಸಿಆರ್ ಚಪ್ಪಲಿ ಎಂದು ಕೇಳಿ, ಮೆತ್ತನೆಯ ರಬ್ಬರಿನ ಒಳಪದರ, ಹಿಂದೆ ಪಟ್ಟಿ ಇರುತ್ತದೆ, ದುಬಾರಿಯೂ ಅಲ್ಲ. ನಡಿಗೆ ನಿಲ್ಲಿಸುವುದು ಬೇಡ, ನಡಿಗೆ ಅವರಿಗೆ ಔಷಧ. ಮಲಗುವ ಮುನ್ನ ದಿನಾ ಅಂಗಾಲು ನೋಡಿಕೊಳ್ಳಲಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ನೀವೇ ನೋಡಿ. ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮುಂಚೆ ತಲೆಕೆಳಗು ಮಾಡಿ ಎರಡು ಸಲ ಕುಟ್ಟಲಿ, ಒಳಗೆ ಕೂತ ಒಂದು ಗರಸಿನ ಹರಳು ಕೂಡ ಅವರ ಕಾಲಿಗೆ ತಿಳಿಯದೇ ಹೋಗಬಹುದು.